ಆನ್‌ಲೈನ್ ಎಂಬಿಎ: ಅಗ್ಗದ್ದೆಲ್ಲ ಬೋಗಸ್ ಅಲ್ಲ, ದುಬಾರಿಯದೆಲ್ಲ ಅಸಲಿಯೂ ಅಲ್ಲ

ರಾತ್ರಿ ಮೊಬೈಲಿನಲ್ಲಿ ಒಮ್ಮೆ ‘ಆನ್‌ಲೈನ್ ಎಂಬಿಎ’ ಎಂದು ಹುಡುಕಿ ಯಾವುದಾದರೊಂದು ಫಾರ್ಮಿನಲ್ಲಿ ನಂಬರ್ ತುಂಬಿದರೆ ಸಾಕು, ಬೆಳಿಗ್ಗೆ ತಿಂಡಿ ಮುಗಿಯುವಷ್ಟರಲ್ಲಿ ನಾಲ್ಕಾರು ಕರೆ ಬಂದಿರುತ್ತವೆ. ‘ಸರ್, ಸ್ಕಾಲರ್‌ಶಿಪ್ ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತೆ’, ‘ಮೇಡಂ, ಇನ್ನು ಮೂರೇ ಸೀಟು’, ‘ಯುಜಿಸಿ ಅಪ್ರೂವ್ಡ್, ನ್ಯಾಕ್ ಎ ಪ್ಲಸ್, ಯೋಚನೆನೇ ಮಾಡ್ಬೇಡಿ’. ಹೀಗೆ ಮಾತಾಡುವವರು ತಮ್ಮನ್ನು ಅಡ್ಮಿಷನ್ ಕೌನ್ಸೆಲರ್ ಎಂದು ಹೇಳಿಕೊಳ್ಳುತ್ತಾರೆ. ಬಹುಪಾಲು ಅವರು ವಿಶ್ವವಿದ್ಯಾಲಯದ ನೌಕರರಲ್ಲ. ತಿಂಗಳಿಗೆ ಇಷ್ಟು ಅಡ್ಮಿಷನ್ ಎಂಬ ಟಾರ್ಗೆಟ್ ಹೊತ್ತ ಮಾರಾಟದ ಹುಡುಗ ಹುಡುಗಿಯರು. ಅವರ ಅವಸರಕ್ಕೆ ವಿದ್ಯಾರ್ಥಿ ಮಣಿಯಬೇಕಿಲ್ಲ. ಆನ್‌ಲೈನ್ ಕೋರ್ಸುಗಳಿಗೆ ವರ್ಷದಲ್ಲಿ ಎರಡು ಬಾರಿ, ಜನವರಿ–ಫೆಬ್ರುವರಿ ಮತ್ತು ಜುಲೈ–ಆಗಸ್ಟ್ ಅವಧಿಯಲ್ಲಿ ಪ್ರವೇಶವಿರುತ್ತದೆ. ಒಂದು ತಪ್ಪಿದರೆ ಆರು ತಿಂಗಳಲ್ಲಿ ಇನ್ನೊಂದು.

ಈ ಕರೆಗಳ ಗದ್ದಲದಲ್ಲಿ ಕೆಲವು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಅವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರಾ ಸುಳ್ಳು. ಅರ್ಧ ಸತ್ಯಗಳೇ ಹೆಚ್ಚು ಹಣ ಕಳೆಯುತ್ತವೆ.

‘ಮನೆಯಲ್ಲೇ ಕೂತು ಮಾಡಿದ ಡಿಗ್ರಿಗೆ ಬೆಲೆ ಇಲ್ಲ’

ಇದು ಹಳೆಯ ಕರೆಸ್ಪಾಂಡೆನ್ಸ್ ಕೋರ್ಸುಗಳ ಕಾಲದ ಅಪನಂಬಿಕೆ. ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ಎರಡಕ್ಕೂ ಸೇರಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿ ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ಈ ಎರಡು ಮಾರ್ಗದಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಅದರಲ್ಲಿದೆ. ಆದರೂ ಗೊಂದಲ ತೀರಲಿಲ್ಲವೆಂದು 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಅದನ್ನೇ ಮತ್ತೊಮ್ಮೆ ಪ್ರಕಟಣೆಯ ಮೂಲಕ ಸಾರಿತು. ಆದರೆ ಖಾಸಗಿ ಕಂಪನಿಯ ಎಚ್‌ಆರ್ ವಿಭಾಗ ಯಾರನ್ನು ಆರಿಸಬೇಕೆಂಬುದು ಅವರವರ ಇಷ್ಟ. ಆ ತಕ್ಕಡಿಯನ್ನು ಯುಜಿಸಿ ಹಿಡಿಯಲಾರದು.

ಓದು ಸುಲಭ ಎಂಬುದೂ ಇದೇ ನಂಬಿಕೆಯ ಬಾಲ. ಪ್ರವೇಶ ಸುಲಭ, ನಿಜ. ಸಾಮಾನ್ಯವಾಗಿ ಪದವಿಯಲ್ಲಿ ಶೇ 50, ಮೀಸಲಾತಿ ವರ್ಗದವರಿಗೆ ಶೇ 45 ಅಂಕ ಕೇಳುತ್ತಾರೆ. ಬಹಳಷ್ಟು ಕಡೆ ಕ್ಯಾಟ್, ಪಿಜಿಸಿಇಟಿಗಳ ತಂಟೆಯಿಲ್ಲ. ಆದರೆ ಒಟ್ಟು ಅಂಕಗಳಲ್ಲಿ ಕನಿಷ್ಠ ಶೇ 70 ಸೆಮಿಸ್ಟರ್ ಕೊನೆಯ ಪರೀಕ್ಷೆಗೇ ಮೀಸಲು, ಅಸೈನ್‌ಮೆಂಟುಗಳಿಗೆ ಹೆಚ್ಚೆಂದರೆ ಶೇ 30. ಆನ್‌ಲೈನ್ ಕಲಿಕೆಯ ಚಟುವಟಿಕೆಗಳಲ್ಲಿ ಶೇ 75ರಷ್ಟು ಭಾಗವಹಿಸಿರಬೇಕು. ಮನೆಯಿಂದಲೇ ಪರೀಕ್ಷೆ ಬರೆಯುವ ವ್ಯವಸ್ಥೆಯಿದ್ದ ಕಡೆ ಕ್ಯಾಮೆರಾ ಕಣ್ಣು ಮುಚ್ಚುವುದಿಲ್ಲ. ಎಂಟು ಗಂಟೆ ಡ್ಯೂಟಿ ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಮನೆ ಸೇರುವವರು ಈ ಲೆಕ್ಕವನ್ನು ಫೀಸಿನ ಲೆಕ್ಕಕ್ಕಿಂತ ಮೊದಲು ಹಾಕುವುದು ಒಳ್ಳೆಯದು.

‘ಯುಜಿಸಿ ಮಾನ್ಯತೆ ಇದ್ದರೆ ಮುಗಿಯಿತು’

ಮುಗಿಯುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇರುವುದು ಒಂದು ಮಾತು. ಆ ವಿಶ್ವವಿದ್ಯಾಲಯದ ಎಂಬಿಎಯನ್ನು ಆನ್‌ಲೈನ್‌ನಲ್ಲಿ, ಈ ಸಾಲಿನ ಈ ಅವಧಿಯಲ್ಲಿ ಕಲಿಸಲು ಅನುಮತಿ ಇರುವುದು ಬೇರೆಯೇ ಮಾತು. ಎರಡನೆಯದನ್ನು ನೋಡಿಕೊಳ್ಳುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ.

ಈ ವ್ಯತ್ಯಾಸದ ಬಿಸಿ ಕರ್ನಾಟಕಕ್ಕೆ ತಟ್ಟಿದಷ್ಟು ಇನ್ನಾವ ರಾಜ್ಯಕ್ಕೂ ತಟ್ಟಿರಲಿಕ್ಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾಯಿತು. ಶಿಕ್ಷಕರು, ಪೊಲೀಸರು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಅಲ್ಲಿ ಡಿಗ್ರಿ ಪಡೆದರು. ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆಗೂ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಕೋರ್ಸು ನಡೆಸಿತು. ಇದು ನಿಯಮಬಾಹಿರ ಎಂದ ಯುಜಿಸಿ, 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಆ ಸಾಲುಗಳಲ್ಲಿ ಸೇರಿ ಹಣ ಕಟ್ಟಿ, ಪರೀಕ್ಷೆ ಬರೆದವರು ಸಾವಿರ ಸಾವಿರ ಸಂಖ್ಯೆಯಲ್ಲಿದ್ದರು. ಸರ್ಕಾರಿ ವಿಶ್ವವಿದ್ಯಾಲಯ, ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ್ದು. ಅವರು ಅನುಮಾನಪಡಲು ಕಾರಣವೇ ಇರಲಿಲ್ಲ. ಪ್ರತಿಭಟನೆ, ಕೋರ್ಟು, ದೆಹಲಿ ಓಡಾಟ ಎಲ್ಲ ಆದ ಮೇಲೆ 2018ರ ಆಗಸ್ಟ್‌ನಲ್ಲಿ, 2018–19ನೇ ಸಾಲಿನಿಂದ ಅನ್ವಯವಾಗುವಂತೆ ಮಾನ್ಯತೆ ಮರಳಿತು. ಅಂದರೆ ಒಂದೇ ವಿಶ್ವವಿದ್ಯಾಲಯದ ಪದವಿ, ಸೇರಿದ ವರ್ಷ ಯಾವುದೆಂಬುದರ ಮೇಲೆ ಒಮ್ಮೆ ನಿಸ್ಸಂದೇಹ, ಒಮ್ಮೆ ವಿವಾದ, ಮತ್ತೊಮ್ಮೆ ನಿಸ್ಸಂದೇಹ.

ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಮುಂಬೈನ ಹೆಸರಾಂತ ನಾರ್ಸೀ ಮೊಂಜೀ ಸಂಸ್ಥೆಗೂ 2024ರ ಜನವರಿ–ಫೆಬ್ರುವರಿ ಮತ್ತು ಜುಲೈ–ಆಗಸ್ಟ್ ಅವಧಿಗಳಲ್ಲಿ ದೂರಶಿಕ್ಷಣ, ಆನ್‌ಲೈನ್ ಪ್ರವೇಶ ನೀಡಬಾರದೆಂದು ಯುಜಿಸಿ ನಿರ್ಬಂಧ ಹೇರಿತ್ತು. ಆದ್ದರಿಂದ ‘ನಮ್ಮ ಅಣ್ಣ ಅಲ್ಲೇ ಓದಿದ್ದು, ಏನೂ ತೊಂದರೆ ಆಗಿಲ್ಲ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಅಣ್ಣ ಸೇರಿದ ಅವಧಿ ಬೇರೆ, ತಮ್ಮ ಸೇರುವ ಅವಧಿ ಬೇರೆ. ಡಿಇಬಿಯ ಜಾಲತಾಣದಲ್ಲಿ ವರ್ಷ, ಅವಧಿ, ವಿಶ್ವವಿದ್ಯಾಲಯ, ಕೋರ್ಸಿನ ಹೆಸರು ಎಲ್ಲವೂ ಪಟ್ಟಿಯಲ್ಲಿ ಸಿಗುತ್ತವೆ. ಬ್ರೋಷರಿನ ಮೇಲಿನ ಮುದ್ರೆಯನ್ನು ನಂಬಬೇಕಿಲ್ಲ.

ದೂರಶಿಕ್ಷಣ, ಆನ್‌ಲೈನ್ ಎರಡೂ ಒಂದೇ ಎಂದು ತಿಳಿಯುವವರೂ ಇದ್ದಾರೆ. ರಾಜ್ಯದ ವಿಶ್ವವಿದ್ಯಾಲಯವೊಂದು ದೂರಶಿಕ್ಷಣವನ್ನು ತನ್ನ ವ್ಯಾಪ್ತಿಯೊಳಗಷ್ಟೇ ನಡೆಸಬಹುದು. ಆನ್‌ಲೈನ್ ಕೋರ್ಸಿಗೆ ಆ ಗಡಿಯಿಲ್ಲ. ಪುಣೆಯಲ್ಲೋ ದುಬೈಯಲ್ಲೋ ಇರುವ ಕನ್ನಡಿಗರು ಊರಿನ ವಿಶ್ವವಿದ್ಯಾಲಯದಲ್ಲಿ ಓದಬೇಕೆಂದರೆ ಈ ಗೆರೆ ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು.

‘ನ್ಯಾಕ್ ಗ್ರೇಡ್ ಚೆನ್ನಾಗಿದ್ದರೆ ಎಂಬಿಎಯೂ ಚೆನ್ನಾಗಿರುತ್ತದೆ’

ನ್ಯಾಕ್‌ನ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. 1994ರಲ್ಲಿ ಸ್ಥಾಪನೆಯಾದ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಸಂಸ್ಥೆ. ಅದು ಅಂಕ ಕೊಡುವುದು ಇಡೀ ವಿಶ್ವವಿದ್ಯಾಲಯಕ್ಕೆ. ಗ್ರಂಥಾಲಯ, ಸಂಶೋಧನೆ, ಕಟ್ಟಡ, ಆಡಳಿತ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ಆನ್‌ಲೈನ್ ಎಂಬಿಎಗೆ ಪಾಠ ಹೇಳುವವರು ಯಾರು, ಅವರು ಕಾಯಂ ಅಧ್ಯಾಪಕರೋ ತರಗತಿಗೆ ಇಷ್ಟೆಂದು ಬಂದು ಹೋಗುವವರೋ ಎಂಬುದು ಆ ಗ್ರೇಡಿನಿಂದ ತಿಳಿಯದು. 2020ರ ನಿಯಮಾವಳಿಯಂತೆ ಆನ್‌ಲೈನ್ ಕೋರ್ಸು ಶುರುಮಾಡಲು ನಾಲ್ಕಕ್ಕೆ ಕನಿಷ್ಠ 3.26 ನ್ಯಾಕ್ ಅಂಕ ಬೇಕು, ಇಲ್ಲವೇ ಹಿಂದಿನ ಮೂರು ಬಾರಿಯಲ್ಲಿ ಎರಡು ಬಾರಿಯಾದರೂ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ಮೊದಲ ನೂರರೊಳಗೆ ಇರಬೇಕು. ಅಂದಮೇಲೆ ಒಳ್ಳೆಯ ಗ್ರೇಡ್ ಎಂಬುದು ಈ ಆಟಕ್ಕೆ ಇಳಿಯುವ ಟಿಕೆಟ್ ಮಾತ್ರ. ಜಾಹೀರಾತಿನಲ್ಲಿ ಅದನ್ನು ಪದಕದಂತೆ ತೋರಿಸುತ್ತಾರೆ.

ಇನ್ನು ಗ್ರೇಡಿನ ಪಾವಿತ್ರ್ಯದ ಬಗ್ಗೆಯೂ ಒಂದು ಮಾತು. ಆಂಧ್ರಪ್ರದೇಶದ ಡೀಮ್ಡ್ ವಿಶ್ವವಿದ್ಯಾಲಯವೊಂದಕ್ಕೆ ಮೇಲಿನ ಗ್ರೇಡ್ ಕೊಡಲು ಲಂಚ ಪಡೆದ ಆರೋಪದಲ್ಲಿ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ 2025ರ ಫೆಬ್ರುವರಿಯಲ್ಲಿ ಬಂಧಿಸಿತು.

‘ದೊಡ್ಡ ಬ್ರ್ಯಾಂಡ್, ದೊಡ್ಡ ಆ್ಯಪ್ ಅಂದಮೇಲೆ ದೊಡ್ಡ ಡಿಗ್ರಿ’

ಭಾರತದಲ್ಲಿ ಪದವಿ ಕೊಡುವ ಅಧಿಕಾರ ಆ್ಯಪ್‌ಗಳಿಗಿಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಪ್ರಕಾರ ವಿಶ್ವವಿದ್ಯಾಲಯಗಳು, ಡೀಮ್ಡ್ ಸಂಸ್ಥೆಗಳು ಮತ್ತು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆಗಳಷ್ಟೇ ಪದವಿ ಕೊಡಬಹುದು. ಎಜುಟೆಕ್ ಕಂಪನಿ ವೇದಿಕೆ ಒದಗಿಸಬಹುದು, ತಂತ್ರಜ್ಞಾನ ಕೊಡಬಹುದು. ತನ್ನದೇ ಫ್ರಾಂಚೈಸಿ ಮಾಡಿಕೊಂಡು ಡಿಗ್ರಿ ಹಂಚುವಂತಿಲ್ಲ. 2024ರ ಆರಂಭದಲ್ಲಿ ‘ಹತ್ತು ದಿನದ ಎಂಬಿಎ’ ಎಂಬ ಜಾಹೀರಾತು ಎಷ್ಟು ಹಬ್ಬಿತ್ತೆಂದರೆ, ಇದು ಪದವಿಯೇ ಅಲ್ಲ ಎಂದು ಯುಜಿಸಿಯೇ ಎಚ್ಚರಿಕೆ ಹೊರಡಿಸಬೇಕಾಯಿತು. ಅದಕ್ಕೂ ಮುನ್ನ, 2023ರ ಡಿಸೆಂಬರ್‌ನಲ್ಲಿ, ಅನುಮತಿಯಿಲ್ಲದೆ ಎಜುಟೆಕ್ ಕಂಪನಿಗಳ ಮೂಲಕ ವಿದೇಶಿ ವಿಶ್ವವಿದ್ಯಾಲಯಗಳು ಕೊಡುವ ಪದವಿಗಳಿಗೆ ಮಾನ್ಯತೆ ಇಲ್ಲವೆಂದೂ ಅದು ಹೇಳಿತ್ತು.

ಬ್ರ್ಯಾಂಡ್ ಅಸಲಿಯೇ ಆಗಿದ್ದಾಗಲೂ ಪದವಿಪತ್ರದ ಮೇಲೆ ಯಾರ ಹೆಸರು ಬರುತ್ತದೆ ಎಂದು ಕೇಳಬೇಕು. ‘ಆನ್‌ಲೈನ್ ಮಣಿಪಾಲ್’ ಎಂಬ ಒಂದೇ ಅಂಗಳದಲ್ಲಿ ನಮ್ಮ ಉಡುಪಿ ಜಿಲ್ಲೆಯ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್), ರಾಜಸ್ಥಾನದ ಮಣಿಪಾಲ್ ಯೂನಿವರ್ಸಿಟಿ ಜೈಪುರ, ಸಿಕ್ಕಿಂ ಮಣಿಪಾಲ್ ಮೂರರ ಕೋರ್ಸುಗಳೂ ಇವೆ. ಮೂರೂ ಬೇರೆ ಬೇರೆ ವಿಶ್ವವಿದ್ಯಾಲಯಗಳು, ಶುಲ್ಕವೂ ಬೇರೆ ಬೇರೆ. ಮೋಸವೇನೂ ಇಲ್ಲ, ಎಲ್ಲವನ್ನೂ ಅಲ್ಲೇ ಬರೆದಿರುತ್ತಾರೆ. ಓದದೆ ‘ಮಣಿಪಾಲ’ ಎಂದು ಸೇರಿ, ಸರ್ಟಿಫಿಕೇಟಿನಲ್ಲಿ ಜೈಪುರ ಕಂಡು ಬೆಚ್ಚಿಬೀಳುವುದು ವಿದ್ಯಾರ್ಥಿಯದೇ ತಪ್ಪು.

ಐಐಎಂ ಹೆಸರಿನದೂ ಹೀಗೆಯೇ. 2017ರ ಕಾಯ್ದೆ ಬಂದ ಮೇಲೆ ಐಐಎಂಗಳಿಗೆ ಪದವಿ ಕೊಡುವ ಅಧಿಕಾರ ಬಂದಿದೆ. ಆದರೆ ಆ್ಯಪ್‌ಗಳಲ್ಲಿ ಕಾಣುವ ಆರೇಳು ತಿಂಗಳ ಐಐಎಂ ಕೋರ್ಸುಗಳು ಎಕ್ಸಿಕ್ಯುಟಿವ್ ಸರ್ಟಿಫಿಕೇಟುಗಳು. ಕೌಶಲಕ್ಕೆ ಒಳ್ಳೆಯವು, ಎಂಬಿಎ ಅಲ್ಲ. ವಿಶ್ವವಿದ್ಯಾಲಯವಲ್ಲದ ಬಿ–ಸ್ಕೂಲುಗಳು ಕೊಡುವ ಪಿಜಿಡಿಎಂಗಾದರೆ ಎಐಸಿಟಿಇ ಅನುಮೋದನೆ ಇದೆಯೇ ಎಂದು ನೋಡಬೇಕು.

ಇಲ್ಲೊಂದು ಚಿಕ್ಕ ಸುಳಿವು ಉಪಯೋಗಕ್ಕೆ ಬರುತ್ತದೆ. ಕಾನೂನು ಮಾನ್ಯ ಮಾಡಿದ ಪದವಿಯ ಶಿಕ್ಷಣಕ್ಕೆ ವಿಶ್ವವಿದ್ಯಾಲಯ ಪಡೆಯುವ ಶುಲ್ಕದ ಮೇಲೆ ಜಿಎಸ್‌ಟಿ ಇಲ್ಲ. ರಸೀದಿಯಲ್ಲಿ ಶೇ 18 ಜಿಎಸ್‌ಟಿ ಹಾಕಿದ್ದರೆ, ಕಂಪನಿ ಮಾರುತ್ತಿರುವುದು ಪದವಿಯನ್ನೋ ಬೇರೇನನ್ನೋ ಎಂದು ನಿಂತು ವಿಚಾರಿಸಬೇಕು.

‘ಕಡಿಮೆ ಫೀಸು ಅಂದರೆ ಕಳಪೆ’

ದೇಶದ ಅತಿ ದೊಡ್ಡ ಮುಕ್ತ ವಿಶ್ವವಿದ್ಯಾಲಯ ಇಗ್ನೋ 1985ರಿಂದ ಇದೆ, ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೂ ಇದೆ. ಅಲ್ಲಿ ಇಡೀ ಎರಡು ವರ್ಷದ ಎಂಬಿಎಗೆ ತಗಲುವುದು 60–70 ಸಾವಿರ ರೂಪಾಯಿಯ ಆಸುಪಾಸು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಆನ್‌ಲೈನ್ ಎಂಬಿಎಗಳು ಒಂದೂವರೆ ಲಕ್ಷದಿಂದ ಮೇಲೆ ಸಾಗುತ್ತವೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ ಎಂಬಿಎ. ಹೆಚ್ಚಿನ ಹಣಕ್ಕೆ ಪ್ರತಿಯಾಗಿ ನೇರ ತರಗತಿ, ಚಂದದ ಆ್ಯಪ್, ಬೇಗ ಬರುವ ಫಲಿತಾಂಶ, ಕರೆದರೆ ಓಗೊಡುವ ಸಹಾಯವಾಣಿ ಸಿಗಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ಫಲಿತಾಂಶಕ್ಕೆ ಕಾಯುವ ತಾಳ್ಮೆ ಬೇಕು ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಬಡ್ತಿಗಾಗಿ ಸ್ನಾತಕೋತ್ತರ ಪದವಿಯಷ್ಟೇ ಬೇಕಾದ ಬ್ಯಾಂಕ್ ನೌಕರರೊಬ್ಬರು ಆ ವ್ಯತ್ಯಾಸಕ್ಕೆ ಇನ್ನೊಂದು ಲಕ್ಷ ತೆರುವುದು ಯಾತಕ್ಕೆಂದು ಈ ಲೇಖಕರಿಗೆ ಹೊಳೆಯುವುದಿಲ್ಲ.

ಮ್ಯಾನೇಜ್‌ಮೆಂಟ್ ಓದು ತಮಗೆ ಒಗ್ಗುತ್ತದೆಯೇ ಎಂಬ ಅನುಮಾನ ಇದ್ದವರಿಗೆ ಬಿಡಿಗಾಸಿನ ಖರ್ಚಿಲ್ಲದ ದಾರಿಯೂ ಇದೆ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ಹೊತ್ತಿರುವುದು ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು. ಅಕೌಂಟಿಂಗ್, ಮಾರ್ಕೆಟಿಂಗ್ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ. ಒಂದು ಕೋರ್ಸನ್ನು ಕೊನೆಯತನಕ ಮುಗಿಸಲಾಗದವರು ಎರಡು ವರ್ಷದ ಫೀಸು ಕಟ್ಟುವ ಮುಂಚೆ ಇನ್ನೊಮ್ಮೆ ಯೋಚಿಸಬಹುದು.

‘ಬಡ್ಡಿಯಿಲ್ಲದ ಇಎಂಐ’ಯ ಆಮಿಷ ಇನ್ನೊಂದು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಎಲ್ಲೋ ಬೆಲೆಯೊಳಗೆ ಅಡಗಿರುತ್ತದೆ. ಕಂತು ಎಂದು ಸಹಿ ಹಾಕಿಸಿಕೊಳ್ಳುವುದು ಬಹಳ ಸಲ ಫೈನಾನ್ಸ್ ಕಂಪನಿಯ ಸಾಲಪತ್ರಕ್ಕೆ. ಸಾಲ ವಿದ್ಯಾರ್ಥಿಯ ಹೆಸರಿನಲ್ಲಿರುತ್ತದೆ, ಹಣ ಮೊದಲೇ ಸಂಸ್ಥೆಗೆ ಸೇರಿರುತ್ತದೆ. ಮೂರನೇ ತಿಂಗಳಿಗೆ ಓದು ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಅಂಕ ಕುಸಿಯುತ್ತದೆ. ಸೆಮಿಸ್ಟರಿಗೊಮ್ಮೆ ವಿಶ್ವವಿದ್ಯಾಲಯದ ಖಾತೆಗೇ ಶುಲ್ಕ ಕಟ್ಟುವ ಆಯ್ಕೆ ಇದ್ದಲ್ಲಿ ಅದೇ ಲೇಸು.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’

ಇದಕ್ಕೆ ಹೆಚ್ಚು ಶಾಯಿ ಬೇಡ. ಆನ್‌ಲೈನ್ ವಿದ್ಯಾರ್ಥಿಗಳಿಗೆ ಸಿಗುವ ‘ಪ್ಲೇಸ್‌ಮೆಂಟ್ ಸಹಾಯ’ ಎಂದರೆ ಹೆಚ್ಚಾಗಿ ರೆಸ್ಯೂಮೆ ತಿದ್ದುವುದು, ಅಣಕು ಸಂದರ್ಶನ ನಡೆಸುವುದು, ಉದ್ಯೋಗಾವಕಾಶಗಳ ಒಂದು ಪುಟ ತೋರಿಸುವುದು. ಭರವಸೆ ಕೊಟ್ಟವರಿಂದ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಅರ್ಧದಷ್ಟು ಭರವಸೆಗಳು ಅಲ್ಲೇ ಕರಗಿಹೋಗುತ್ತವೆ.

ಕೊನೆಗೆ, ಪ್ರವೇಶ ಪಡೆಯುವ ಹೊತ್ತಿನ ಒಂದು ಎಚ್ಚರಿಕೆ. 2024ರ ಜುಲೈ–ಆಗಸ್ಟ್ ಅವಧಿಯಿಂದ ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ಸೇರುವ ಭಾರತೀಯ ವಿದ್ಯಾರ್ಥಿಗಳಿಗೆಲ್ಲ ಡಿಇಬಿ–ಐಡಿ ಕಡ್ಡಾಯವಾಗಿದೆ. ಅದಕ್ಕೆ ಮೊದಲು ಡಿಜಿಲಾಕರ್ ಮೂಲಕ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಮಾಡಿಕೊಂಡಿರಬೇಕು. ಡಿಇಬಿ–ಐಡಿ ಇಲ್ಲದೆ ‘ಅಡ್ಮಿಷನ್ ಆಯ್ತು’ ಎಂದು ಯಾರೇ ಹೇಳಿದರೂ ನಂಬಬೇಡಿ. ಐಡಿಯನ್ನು ನಿಮ್ಮ ಕೈಯಾರೆ ಡಿಇಬಿ ಜಾಲತಾಣದಲ್ಲೇ ಮಾಡಿಕೊಳ್ಳಿ. ‘ನಾವೇ ಮಾಡಿಕೊಡ್ತೀವಿ’ ಎನ್ನುವ ಏಜೆಂಟರಿಗೆ ಆಧಾರ್ ನಂಬರನ್ನೂ ಒಟಿಪಿಯನ್ನೂ ಹೇಳಬೇಡಿ.