ಗೊರಸು ಉಳಿದರೆ ಕುದುರೆ ಉಳಿಯಿತು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾದುದು. ಸವಾರಿ ಸಿಕ್ಕೀತೆಂಬ ಆಸೆಯಿಂದ ಮನುಷ್ಯನ ಕಾಲು ಒಮ್ಮೆಲೇ ನೋಯತೊಡಗುವುದನ್ನು ಅದು ಪರಿಹಾಸ ಮಾಡುತ್ತದೆ. ಆದರೆ ಕುದುರೆಯ ಕಾಲುನೋವನ್ನು ವಿಚಾರಿಸುವವರು ವಿರಳ.

ಸೂರತ್ತಿನ ದಕ್ಷಿಣಕ್ಕಿರುವ ಸಚಿನ್ ಇಂದು ಬಟ್ಟೆ ಮತ್ತು ಬಣ್ಣದ ಕಾರ್ಖಾನೆಗಳ ಊರು. 1791ರಲ್ಲಿ ಸ್ಥಾಪಿತವಾಗಿ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದು ಸಿದ್ದಿ ನವಾಬರ ಸಂಸ್ಥಾನವಾಗಿತ್ತು. ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳಲ್ಲಿಯೂ ಇರುವುದರಿಂದ ಆ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಸಂಸ್ಥಾನಗಳ ಕಾಲ ಮುಗಿಯಿತು. ಕುದುರೆಯ ದುಡಿಮೆ ಮುಗಿಯಲಿಲ್ಲ. ಗುಜರಾತದ ಮದುವೆಗಳಲ್ಲಿ ವರನ ಮೆರವಣಿಗೆಗೆ ‘ವರಘೋಡೊ’ ಎಂದೇ ಹೆಸರು. ಬಾಗಿ ಕೂಡುವ ಕಿವಿಗಳ ಕಾಠಿಯಾವಾಡಿ ಕುದುರೆ ವಾದ್ಯದ ಗದ್ದಲದ ನಡುವೆ ಡಾಂಬರು ರಸ್ತೆಯ ಮೇಲೆ ಹೆಜ್ಜೆ ಹಾಕುವಾಗ, ಅದರ ಇಡೀ ಭಾರವನ್ನು ಹೊರುವುದು ನಾಲ್ಕು ಗೊರಸುಗಳು ಮಾತ್ರ.

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ನೋವರಿಯದ ಪದಾರ್ಥ. ತಿಂಗಳಿಗೆ ಸುಮಾರು 6ರಿಂದ 9 ಮಿಲಿಮೀಟರ್ ಬೆಳೆಯುತ್ತದೆ. ಲಾಳದ ಮೊಳೆ ಈ ಗೋಡೆಯಲ್ಲಿಯೇ ಹಾದುಹೋಗಬೇಕು. ಅದರ ಒಳಗಿನ ಬಿಳಿಯ ಗೆರೆಯನ್ನು ದಾಟಿತೆಂದರೆ ಮೊಳೆ ಜೀವವುಳ್ಳ ಭಾಗವನ್ನು ಚುಚ್ಚುತ್ತದೆ, ಕುದುರೆ ಕುಂಟುತ್ತದೆ. ಆದುದರಿಂದ ಲಾಳ ಕಟ್ಟುವ ನಾಲಬಂದನ ಕೆಲಸ ಕೇವಲ ಸುತ್ತಿಗೆಯ ಕೆಲಸವಲ್ಲ.

ಲಾಳ ಕಳಚುವುದೇಕೆ? ಮುಖ್ಯ ಕಾರಣ ವಿಳಂಬ. ಗೊರಸು ಬೆಳೆದಂತೆಲ್ಲ ಲಾಳ ತನ್ನ ಸ್ಥಾನದಿಂದ ಮುಂದಕ್ಕೆ ಸರಿಯುತ್ತದೆ, ಮೊಳೆಗಳು ಸಡಿಲವಾಗುತ್ತವೆ. ಆರರಿಂದ ಎಂಟು ವಾರಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸನ್ನು ಸವರಿ, ಮತ್ತೆ ಕಟ್ಟಿಸಬೇಕು. ಲಾಳ ಇನ್ನೂ ಸವೆದಿಲ್ಲವೆಂದು ತಿಂಗಳುಗಟ್ಟಲೆ ಮುಂದೂಡುವುದು ಉಳಿತಾಯವಲ್ಲ. ಎರಡನೆಯ ಕಾರಣ, ಹಿಂಗಾಲಿನ ತುದಿ ಮುಂಗಾಲಿನ ಲಾಳವನ್ನು ತುಳಿಯುವುದು. ಮೂರನೆಯದು ಮಳೆಗಾಲ. ದಕ್ಷಿಣ ಗುಜರಾತದ ಮಳೆಯಲ್ಲಿ ನೆನೆದು ಮೆತ್ತಗಾದ ಗೊರಸು ಬಿಸಿಲಿಗೆ ಒಣಗಿ ಬಿರಿಯುತ್ತದೆ. ಆಗ ಮೊಳೆಗೆ ಹಿಡಿತ ತಪ್ಪುತ್ತದೆ.

ದಾರಿಯಲ್ಲಿ ಲಾಳ ಕಳಚಿದರೆ ಕುದುರೆಯನ್ನು ಮುಂದೆ ನಡೆಸಕೂಡದು. ಮೆರವಣಿಗೆ ನಿಂತರೂ ಸರಿಯೇ, ಸವಾರನನ್ನು ಇಳಿಸಬೇಕು. ಅರ್ಧ ಕಳಚಿ ತೂಗುವ ಲಾಳ ಪೂರ್ತಿ ಬಿದ್ದ ಲಾಳಕ್ಕಿಂತ ಅಪಾಯಕರ, ಏಕೆಂದರೆ ಕುದುರೆ ತನ್ನ ಲಾಳದ ಮೊಳೆಯನ್ನೇ ತುಳಿಯಬಹುದು. ಬಲ್ಲವರಿಂದ ಅದನ್ನು ತೆಗೆಸಿ, ತಳವನ್ನು ಪರೀಕ್ಷಿಸಿ, ಗೊರಸಿಗೆ ದಪ್ಪ ಬಟ್ಟೆ ಸುತ್ತಿ, ಮೆತ್ತನೆಯ ನೆಲದ ಮೇಲೆ ನಿಲ್ಲಿಸಬೇಕು. ತಳಕ್ಕೆ ಮೊಳೆ ಹೊಕ್ಕಿದ್ದರೆ ಕಾಲೂರಲು ಬಿಡದೆ ಪಶುವೈದ್ಯರನ್ನು ಕರೆಯಬೇಕು. ಮೊಳೆ ಎಲ್ಲಿ, ಎಷ್ಟು ಆಳಕ್ಕೆ ಹೋಗಿದೆ ಎಂಬುದು ಚಿಕಿತ್ಸೆಗೆ ಮುಖ್ಯ; ಕಿತ್ತೆಸೆದರೆ ಆ ಗುರುತು ಸಿಗದು.

ನಿತ್ಯದ ಆರೈಕೆ ಸುಲಭ. ಬೆಳಿಗ್ಗೆ ಸಂಜೆ ಗೊರಸನ್ನೆತ್ತಿ ಕೆಸರು, ಕಲ್ಲು, ಲದ್ದಿ ತೆಗೆಯಬೇಕು. ತಳದ ಮಧ್ಯದಲ್ಲಿ ರಬ್ಬರಿನಂತಹ ತ್ರಿಕೋನ ಭಾಗವೊಂದಿದೆ. ಅದರ ಪಕ್ಕದ ಸೀಳುಗಳಲ್ಲಿ ಕಪ್ಪು ಕೀವು, ದುರ್ನಾತ ಕಂಡರೆ ಕೊಳೆರೋಗ ಹಿಡಿದಿದೆಯೆಂದು ತಿಳಿಯಬೇಕು. ಒಣ ಲಾಯವೇ ಅದಕ್ಕೆ ಮೊದಲ ಔಷಧ. ಗೊರಸು ಬಿಸಿಯಾಗಿ, ಕುದುರೆ ಹಿಂದಕ್ಕೆ ವಾಲಿ ನಿಂತರೆ ಅದು ಗೊರಸಿನ ಉರಿಯೂತದ ಲಕ್ಷಣ. ಮದುವೆಮನೆಯಲ್ಲಿ ಪ್ರೀತಿಯಿಂದ ಬೊಗಸೆಗಟ್ಟಲೆ ಧಾನ್ಯ ತಿನ್ನಿಸುವವರು ತಿಳಿದಿರಲಿ, ಒಮ್ಮೆಗೇ ಅತಿಯಾದ ಧಾನ್ಯವೂ ಈ ರೋಗ ತರುತ್ತದೆ.

ಇಲ್ಲಿಗೆ ನಮ್ಮ ಆರೋಗ್ಯದ ಮಾತೂ ಬರುತ್ತದೆ. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಬಹುಕಾಲ ಬದುಕುತ್ತವೆ. ಈ ರೋಗಕ್ಕೆ ಕುದುರೆ ಅತ್ಯಂತ ಸುಲಭವಾಗಿ ತುತ್ತಾಗುತ್ತದೆ. ಅದಕ್ಕೆ ಲಸಿಕೆ ಅವಶ್ಯ. ಬೀದಿಯಲ್ಲಿ ಬಿದ್ದ ಮೊಳೆ ನಮ್ಮ ಮಕ್ಕಳ ಬರಿಗಾಲಿಗೆ ಚುಚ್ಚಿದರೆ ಅರಿಸಿನ ಮೆತ್ತಿ ಸುಮ್ಮನಿರಬಾರದು. ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೊಳೆಯಾದ ಗಾಯವಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸುವುದು ರೂಢಿ. ಪರವೂರಿನಲ್ಲಿ ಮನೆ ಬದಲಿಸುತ್ತಿರುವ ನಮ್ಮಂಥವರು ಲಸಿಕೆಯ ಚೀಟಿಯನ್ನು ಜೋಪಾನವಾಗಿಡಬೇಕು.

ಕುದುರೆಯ ವೈದ್ಯ ಕನ್ನಡಿಗರಿಗೆ ಹೊಸದಲ್ಲ. ಶತಮಾನಗಳ ಹಿಂದೆಯೇ ಅಭಿನವಚಂದ್ರನು ಅದನ್ನು ಕುರಿತು ಕನ್ನಡದಲ್ಲಿ ಗ್ರಂಥ ಬರೆದನು. ಧನುರ್ವಾಯುವಿಗೆ ಬಹುಕಾಲ ಬಳಸಿದ ಪ್ರತಿವಿಷವನ್ನು ಕುದುರೆಯ ರಕ್ತದಿಂದಲೇ ತಯಾರಿಸುತ್ತಿದ್ದರು. ಎಷ್ಟೋ ಮನುಷ್ಯರ ಪ್ರಾಣ ಹೀಗೆ ಉಳಿದಿದೆ. ಮುಂದಿನ ಮದುವೆಗೆ ಕುದುರೆ ಗೊತ್ತುಮಾಡುವಾಗ ಅದರ ಜರತಾರಿ ಜೂಲನ್ನು ನೋಡುವ ಮೊದಲು ನಾಲ್ಕು ಗೊರಸನ್ನೂ ಎತ್ತಿಸಿ ನೋಡಿದರೆ, ಆ ಋಣದ ಒಂದು ಕಾಸನ್ನಾದರೂ ತೀರಿಸಿದಂತಾದೀತು.