ತಲೆಯೊಳಗೆ ಹೋದ ಪ್ಲಾಟಿನಂ ಎಳೆ

ತೇರದಾಳ, ರಬಕವಿ, ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ ಎಳೆಯೊಂದು ಹರಿದರೆ ನೇಕಾರನು ಮಗ್ಗವನ್ನೇ ಬಿಚ್ಚಿ ಹಾಕುವುದಿಲ್ಲ. ಹರಿದ ಸ್ಥಳವನ್ನು ಹುಡುಕಿ, ಬೆರಳ ತುದಿಯಲ್ಲಿ ಗಂಟು ಹಾಕಿ, ಮತ್ತೆ ನೇಯತೊಡಗುತ್ತಾನೆ. ಮಿದುಳಿನ ರಕ್ತನಾಳ ಒಡೆದಾಗ ವೈದ್ಯರಿಗೆ ಇಂಥ ಸೌಕರ್ಯ ಬಹುಕಾಲ ಇರಲಿಲ್ಲ. ಅಲ್ಲಿಗೆ ತಲುಪಲು ತಲೆಬುರುಡೆಯನ್ನೇ ತೆರೆಯಬೇಕಾಗಿತ್ತು.

ಮಿದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಕಡೆ ಗೋಡೆ ಸಡಿಲಗೊಂಡು, ಹಳೆಯ ಸೈಕಲ್ ಟ್ಯೂಬು ಒಂದೆಡೆ ಉಬ್ಬುವಂತೆ, ಗುಳ್ಳೆಯೊಂದು ಏಳುವುದುಂಟು. ಇದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇದು ಇರುತ್ತದೆಂದು ಅಂದಾಜು. ಬಹುಪಾಲು ಜನರ ಆಯುಷ್ಯ ಅದರ ಸುಳಿವೂ ಇಲ್ಲದೆ ಕಳೆದುಹೋಗುತ್ತದೆ. ಒಡೆಯಿತೆಂದರೆ ಮಾತ್ರ ಸಿಡಿಲು ಬಡಿದಂಥ ತಲೆನೋವು, ವಾಂತಿ, ಸೆಟೆದ ಕತ್ತು. ಕೆಲವರಿಗೆ ಪ್ರಜ್ಞೆಯೇ ತಪ್ಪುತ್ತದೆ. ರಕ್ತದ ಒತ್ತಡ ಏರಿದವರಿಗೂ ಬೀಡಿ ಸಿಗರೇಟು ಸೇದುವವರಿಗೂ ಅಪಾಯ ಹೆಚ್ಚು.

1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಬೆಳ್ಳಿಯ ಕ್ಲಿಪ್ಪು ತೊಡಿಸಿದರು. ಅರ್ಧ ಶತಮಾನ ಅದೇ ರಾಜಮಾರ್ಗವಾಗಿ ಉಳಿಯಿತು. ಇಟಲಿಯ ಗುಯಿಡೊ ಗುಗ್ಲಿಯೆಲ್ಮಿ ಹಿಡಿದ ದಾರಿ ಬೇರೆ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದಾಗ ವಿದ್ಯುತ್ ಹರಿಸಿದ ತಂತಿಯ ತುದಿ ತಾನಾಗಿ ಕಳಚಿಕೊಂಡಿತು. ಆಕಸ್ಮಿಕವೇ ಸರಿ, ಆದರೆ ಆ ಆಕಸ್ಮಿಕವನ್ನು ಅವರು ಮರೆಯಲಿಲ್ಲ. 1990ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅದು ರೋಗಿಯೊಬ್ಬರ ಚಿಕಿತ್ಸೆಗೆ ಒದಗಿತು.

ತೊಡೆಯ ಸಂದಿನ ರಕ್ತನಾಳಕ್ಕೆ ಸಣ್ಣ ರಂಧ್ರ. ಅಲ್ಲಿಂದ ತೆಳುವಾದ ಕೊಳವೆಯೊಂದು, ಎಕ್ಸ್‌ರೇ ಪರದೆಯ ಮೇಲೆ ವೈದ್ಯರು ನೋಡುತ್ತಿರುವಂತೆ, ಹೊಟ್ಟೆ, ಎದೆ, ಕತ್ತುಗಳನ್ನು ದಾಟಿ ಮೇಲಕ್ಕೆ ಸಾಗುತ್ತದೆ. ಅದರೊಳಗಿಂದ ಇನ್ನೂ ಸಣ್ಣ ಕೊಳವೆ ಗುಳ್ಳೆಯ ಬಾಯಿಗೆ ಮುಟ್ಟುತ್ತದೆ. ಅದರ ಮೂಲಕ ಹೋದ ಮೆತ್ತನೆಯ ಪ್ಲಾಟಿನಂ ಎಳೆ ಗುಳ್ಳೆಯೊಳಗೆ ಸುರುಳಿ ಸುತ್ತಿ ನೂಲಿನ ಉಂಡೆಯಂತಾಗುತ್ತದೆ. ಅಲ್ಪ ವಿದ್ಯುತ್ ಹರಿಸಿದೊಡನೆ ಬೆಸುಗೆ ಕರಗಿ ಎಳೆ ಒಳಗೇ ನಿಲ್ಲುತ್ತದೆ. ಸುತ್ತ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚಿಕೊಳ್ಳುತ್ತದೆ.

ಎರಡರಲ್ಲಿ ಯಾವುದು ಮೇಲು? ಒಡೆದ ಅನ್ಯೂರಿಸಂ ಇದ್ದ 2,143 ರೋಗಿಗಳ ಪರೀಕ್ಷೆಯ ಫಲ 2002ರಲ್ಲಿ ಪ್ರಕಟವಾಯಿತು. ವರ್ಷದ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇಕಡಾ 30.6, ಸುರುಳಿಯ ಗುಂಪಿನಲ್ಲಿ 23.7. ಹಾಗೆಂದು ಕ್ಲಿಪ್ಪಿನ ಕಾಲ ಮುಗಿದಿಲ್ಲ. ಬಾಯಿ ಅಗಲವಾದ ಕೆಲವು ಗುಳ್ಳೆಗಳಿಗೆ ಅದೇ ಗತಿ. ಸುರುಳಿ ಕ್ರಮೇಣ ಅದುಮಿಕೊಂಡು ಗುಳ್ಳೆ ಮತ್ತೆ ತೆರೆದುಕೊಳ್ಳುವುದೂ ಉಂಟು. ಆದ್ದರಿಂದ ಆಗಾಗ ಚಿತ್ರ ತೆಗೆಸಿ ನೋಡಬೇಕು.

ಕರ್ನಾಟಕದಲ್ಲಿ ಈ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ತೇರದಾಳಕ್ಕೆ 500 ಕಿಲೋಮೀಟರಿಗೂ ಮಿಕ್ಕ ದೂರ. ಆದರೆ ಅದಕ್ಕಿಂತ ದೊಡ್ಡ ಅಂತರ ಮನೆಯೊಳಗೇ ಹುಟ್ಟಿಕೊಳ್ಳುತ್ತದೆ. ಪಿತ್ತ ಏರಿದೆಯೆಂದು ಶುಂಠಿ ಹಚ್ಚಿ, ದೃಷ್ಟಿ ತೆಗೆದು, ಗುಳಿಗೆ ನುಂಗಿಸಿ ಮಲಗಿಸಿದರೆ ಒಂದು ರಾತ್ರಿ ಹೋಯಿತು. ಎರಡನೆಯ ಸಲ ಒಡೆಯುವ ಭಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು. ಎರಡನೆಯ ರಕ್ತಸ್ರಾವದಿಂದ ಉಳಿದವರು ಕಡಿಮೆ. ಮೊದಲ 6 ಗಂಟೆಯೊಳಗೆ ತೆಗೆದ ಸಿ.ಟಿ. ಚಿತ್ರದಲ್ಲಿ ಈ ರಕ್ತ ಬಹುಮಟ್ಟಿಗೆ ತಪ್ಪದೆ ಕಾಣುತ್ತದೆ. ದಿನ ಕಳೆದಂತೆ ಮಾಸುತ್ತದೆ. ಆದ್ದರಿಂದ ಮೊದಲು ಸಿ.ಟಿ. ಯಂತ್ರವಿರುವ ಸಮೀಪದ ಆಸ್ಪತ್ರೆ, ಆಮೇಲೆ ದೊಡ್ಡ ಊರು. ನೋವು ಎಷ್ಟು ಗಂಟೆಗೆ ಬಂದಿತೆಂಬುದನ್ನು ಜೊತೆಗೆ ಹೋಗುವವರು ಗುರುತಿಟ್ಟುಕೊಂಡಿರಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.