ಬ್ಯಾರನ್ ಕಿಂಡಿಯಿಂದ ಮಳೆ ನೀರು ಒಳಗೆ ಬರ್ತಿದೆಯಾ? ಕಿಂಡಿ ಮುಚ್ಚಬೇಡಿ, ನೀರು ತಿರುಗಿಸಿ

ಆಂಧ್ರದವರು ವರ್ಜೀನಿಯಾ ಹೊಗೆಸೊಪ್ಪನ್ನು ಮಳೆ ಕಡಿಮೆಯಾದ ಮೇಲೆ ನಾಟಿ ಮಾಡಿ, ಒಣ ಹವೆಯಲ್ಲಿ ಬೇಯಿಸ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮಗೆ ಆ ಭಾಗ್ಯ ಇಲ್ಲ. ಮೇ ತಿಂಗಳಲ್ಲಿ ನಾಟಿ, ಜುಲೈಯಿಂದ ಸೊಪ್ಪು ಮುರಿಯೋದು. ಹೊರಗೆ ಸೋನೆ ಮಳೆ ಹಿಡಿದಿರುವಾಗಲೇ ಒಳಗೆ ಸೊಪ್ಪು ಒಣಗಬೇಕು. ಬ್ಯಾರನ್ ಖಾಲಿ ಇರುವ ಈಗಲೇ ಅದರ ಬುಡ ಒಂದು ಸಲ ನೋಡಿ.

ಬ್ಯಾರನ್ ಗೋಡೆಯ ಬುಡದಲ್ಲಿರೋ ಕಿಂಡಿಗಳಿಂದ ಹೊರಗಿನ ಗಾಳಿ ಒಳಗೆ ಬರುತ್ತೆ. ಅದು ಕಬ್ಬಿಣದ ಕೊಳವೆಗಳ ಮೇಲೆ ಕಾದು ಮೇಲೇರಿ, ಸೊಪ್ಪಿನ ತೇವ ಹೊತ್ತುಕೊಂಡು ಮೇಲಿನ ಕಿಂಡಿಯಿಂದ ಆಚೆ ಹೋಗುತ್ತೆ. ಆದರೆ ಹಳೇ ಬ್ಯಾರನ್‌ಗಳಲ್ಲಿ ವರ್ಷಾನುವರ್ಷ ಬೂದಿ, ಮಣ್ಣು ಸುರಿದು ಅಂಗಳ ಮೇಲೆ ಬಂದಿರುತ್ತೆ. ಕಿಂಡಿ ನೆಲಕ್ಕಿಂತ ಕೆಳಗಾಗಿ ಅದರ ಮುಂದೆ ಒಂದು ಗುಂಡಿ ಉಳಿಯುತ್ತೆ. ಮಳೆ ಬಂದರೆ ಗುಂಡಿ ತುಂಬಿ ನೀರು ನೇರ ಒಳಗೆ.

ಆಗ ನಾವು ಮಾಡೋದೇನು? ಗೋಣಿಚೀಲ, ಪ್ಲಾಸ್ಟಿಕ್ ತುರುಕಿ ಕಿಂಡಿ ಮುಚ್ಚಿಬಿಡ್ತೀವಿ. ನಮ್ಮ ಮನೆಯಲ್ಲೂ ಒಂದು ವರ್ಷ ಹೀಗೇ ಮಾಡಿ, ಬಣ್ಣ ಹಿಡಿಯೋ ಹೊತ್ತಲ್ಲಿ ತೇವ ಆಚೆ ಹೋಗದೆ ಹಳದಿ ಬಂದಿದ್ದ ಸೊಪ್ಪೆಲ್ಲ ಕಂದಾಯ್ತು. ಹರಾಜಿನಲ್ಲಿ ಅದಕ್ಕೆ ಏನು ಬೆಲೆ ಬರುತ್ತೆ ಅಂತ ನಿಮಗೇ ಗೊತ್ತು.

‘ಹಳದಿ ಬರಿಸೋವಾಗ ನಾವೇ ನೆಲಕ್ಕೆ ನೀರು ಚಿಮುಕಿಸ್ತೀವಲ್ಲ’ ಅಂತ ಕೇಳಬಹುದು. ಅದು ಬೇಕಾದಾಗ ಬೇಕಾದಷ್ಟು ಹಾಕಿದ ನೀರು. ಸೊಪ್ಪು ಒಣಗಬೇಕಾದಾಗ ನುಗ್ಗೋ ನೀರು ಸೌದೆಯನ್ನೂ ತಿನ್ನುತ್ತೆ. 15 ಲೀಟರಿನ ಒಂದು ಬಕೆಟ್ ನೀರು ಆವಿಯಾಗೋಕೆ, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಸುಮಾರು ಎರಡೂವರೆ ಕೆ.ಜಿ. ಒಣ ಸೌದೆ ಬೇಕು. ನಮ್ಮ ಒಲೆಗಳಲ್ಲಿ ಪೋಲಾಗೋದೇ ಜಾಸ್ತಿ, ಹಾಗಾಗಿ ಅದರ ಎರಡರಷ್ಟು ಅಂದುಕೊಳ್ಳಿ.

ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಿ. ಜೋರು ಮಳೆಯಲ್ಲಿ ಛತ್ರಿ ಹಿಡ್ಕೊಂಡು ಬ್ಯಾರನ್ ಸುತ್ತ ಒಂದು ಸುತ್ತು ವಿಡಿಯೋ ಮಾಡಿ, ಆಮೇಲೆ ನಿಧಾನವಾಗಿ ನೋಡಿ. ಅಂಗಳದಿಂದ ಹರಿದು ಬರ್ತಿದೆಯಾ, ಸೂರಿನ ನೀರು ಕಿಂಡಿ ಮುಂದೆಯೇ ಬೀಳ್ತಿದೆಯಾ, ಇಲ್ಲಾ ಮಳೆ ನಿಂತ ಮೇಲೂ ನೆಲದಿಂದ ಜಿನುಗ್ತಿದೆಯಾ ಗೊತ್ತಾಗುತ್ತೆ.

ಸೂರಿನ ನೀರಾದರೆ ಕೆಲಸ ಸುಲಭ. ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ, ಒಲೆ ಮತ್ತು ಹೊಗೆ ಕೊಳವೆಯಿಂದ ದೂರ ಇರೋ ಹಾಗೆ ಸೂರಿನಡಿ ಕಟ್ಟಿ. ಅಂಗಳದ ನೀರಾದರೆ ಏರಿದ ಮಣ್ಣು ತೆಗೆದು ಇಳಿಜಾರನ್ನು ಗೋಡೆಯಿಂದ ಆಚೆಗೆ ಕೊಡಿ. ಗಾರೆ ಮೇಸ್ತ್ರಿಗಳ ನೀರಿನ ಟ್ಯೂಬ್ ಇದ್ದರೆ ಮಟ್ಟ ಸರಿಯಾಗಿ ಸಿಗುತ್ತೆ. ಮೇಲಿನಿಂದ ಬರೋ ನೀರಿಗೆ ಗೋಡೆಯಿಂದ ನಾಲ್ಕೈದು ಅಡಿ ದೂರದಲ್ಲಿ ಕಾಲುವೆ ತೆಗೀರಿ. ಗೋಡೆಗೆ ಅಂಟಿಸಿ ತೆಗೆದರೆ ಪಾಯಕ್ಕೇ ನೀರುಣಿಸಿದ ಹಾಗೆ.

ಅಂಗಳ ಇಳಿಸೋಕೆ ಆಗದೇ ಇದ್ದರೆ ಕಿಂಡಿ ಗುಂಡಿಯನ್ನೇ ಸರಿ ಮಾಡಬೇಕು. ಗೋಡೆಯಿಂದ ಒಂದಡಿ ಬಿಟ್ಟು, ಗುಂಡಿಯ ಮೂರು ಕಡೆ ಇಟ್ಟಿಗೆ ಕಟ್ಟೆ ಕಟ್ಟಿ. ಅದು ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಲಿ. ಗುಂಡಿಯ ತಳ ಕಿಂಡಿಗಿಂತ ಕೆಳಗಿರಬೇಕು. ಅಲ್ಲಿ ಜಲ್ಲಿ ಹಾಕಿ, ತಗ್ಗಿನ ಕಡೆಗೆ ಮೂರು ಇಂಚಿನ ಪೈಪ್ ಬಿಡಿ. ಹೊರಗಿನ ತುದಿಗೆ ಜಾಲರಿ ಕಟ್ಟಿ, ಇಲ್ಲಾಂದ್ರೆ ಇಲಿ, ಕಪ್ಪೆ ಸೇರ್ಕೊಳ್ತವೆ. ಮೇಲೆ ಓರೆಯಾಗಿ ಒಂದು ಶೀಟು ಹಾಕಿ. ಶೀಟು ಮತ್ತು ಕಟ್ಟೆ ನಡುವೆ ಗಾಳಿ ಬರೋ ಜಾಗ ಕಿಂಡಿಯಷ್ಟಾದರೂ ಇರಲೇಬೇಕು.

ಗಾರೆಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು ಸಾಕು. ನೀರು ನಿರೋಧಕ ದ್ರವ ಬೆರೆಸೋದಾದರೆ ಡಬ್ಬಿ ಮೇಲಿನ ಅಳತೆಯನ್ನೇ ಹಾಕಿ. ಜಾಸ್ತಿ ಹಾಕಿದರೆ ಗಟ್ಟಿ ಅನ್ನೋದು ಸುಳ್ಳು. ಏಳು ದಿನ ನೀರು ಹಾಕಿ. ಮಣ್ಣಿನ ಗೋಡೆಗೆ ಮಾತ್ರ ಸಿಮೆಂಟ್ ಮೆತ್ತಬೇಡಿ. ಒಳಗಿನ ತೇವ ಆಚೆ ಬರೋಕಾಗದೆ ಗಿಲಾವು ಹೆಕ್ಕಳಿಕೆಯಾಗಿ ಎದ್ದು ಬರುತ್ತೆ, ಜೊತೆಗೆ ಮಣ್ಣನ್ನೂ ಕಿತ್ತುಕೊಂಡು ಬರುತ್ತೆ. ಅಲ್ಲಿ ಬುಡದ ಇಳಿಜಾರೇ ಮದ್ದು.

ಒಲೆ ಬಾಯಿಯ ಮುಂದಿನ ಗುಂಡಿಗೂ ಇದೇ ಕ್ರಮ: ಸುತ್ತ ಕಟ್ಟೆ, ತಗ್ಗಿನ ಕಡೆಗೆ ಪೈಪ್, ಮೇಲೆ ತಗಡಿನ ಸೂರು. ಬೆಂಕಿ ಹತ್ತಿರ ಟಾರ್ಪಾಲ್ ಬೇಡ. ಉರಿಯೋ ಒಲೆಯ ಗುಂಡಿಗೆ ನೀರು ನುಗ್ಗಿದರೆ ಗಾಬರಿಯಿಂದ ಕಾದ ಕಬ್ಬಿಣಕ್ಕೆ ನೀರು ಎರಚಬೇಡಿ, ಬಿರುಕು ಬಿಡುತ್ತೆ, ಆವಿ ಮುಖಕ್ಕೇ ಹೊಡೆಯುತ್ತೆ. ನೀರೆತ್ತೋಕೆ ಮೋಟಾರ್ ಇಡೋದಾದರೆ ವೈರಿನ ಜಾಯಿಂಟ್ ಒಣ ಜಾಗದಲ್ಲಿರಲಿ. ನೀರಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಗುಂಡಿಗೆ ಹತ್ತು ಬಿಂದಿಗೆ ನೀರು ಸುರಿದು, ಒಳಗೆ ಹೋಗಿ ಗೋಡೆಯ ಬುಡ ಮುಟ್ಟಿ ನೋಡಿ. ಹಸಿ ಇದ್ದರೆ ಮೊದಲ ಸಲ ಸೊಪ್ಪು ಏರಿಸೋ ಮುಂಚೆ ಇನ್ನೊಂದು ಸಲ ಮೇಸ್ತ್ರಿಯನ್ನು ಕರೆಸಿ.